ಮಗುವಿನ ಮನಸ್ಸಿಗೆ ಪೆಟ್ಟಾಗಿದೆಯಾ ಎಂದು ಕೇಳುವುದು ಹೇಗೆ? ಕ್ಲಿನಿಕ್‌ನವರಿಗೆ ಒಂದು ಮಾರ್ಗದರ್ಶಿ

ಬೆಂಗಳೂರಿನ ಸಣ್ಣ ಕ್ಲಿನಿಕ್, ನರ್ಸಿಂಗ್ ಹೋಮ್, ಸರ್ಕಾರದ 'ನಮ್ಮ ಕ್ಲಿನಿಕ್'ಗಳಲ್ಲಿ ಕೆಲಸ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆ ಇದು: "ಮಗು ಮೂರನೇ ಸಲ ಹೊಟ್ಟೆನೋವು ಅಂತ ಬಂದಿದೆ. ಟೆಸ್ಟ್ ಎಲ್ಲ ನಾರ್ಮಲ್. ಮನೆಯಲ್ಲಿ ಏನೋ ಆಗ್ತಿದೆ ಅನ್ನಿಸುತ್ತೆ. ಕೇಳಬೇಕಾ, ಬೇಡವಾ?" ಇದರ ಹಿಂದೆಯೇ ಇನ್ನೊಂದು ಬರುತ್ತದೆ: "ಬಾಲ್ಯದ ಕಹಿ ಅನುಭವ ಕೇಳುವ ಆ ಹತ್ತು ಪ್ರಶ್ನೆಗಳ ಫಾರಂ ಎಲ್ಲಿ ಸಿಗುತ್ತೆ?"

ಕೇಳಬೇಕು. ಆದರೆ ಫಾರಂ ಹುಡುಕುವುದು ಮೊದಲ ಕೆಲಸ ಅಲ್ಲ. ಮಗು "ಹೌದು" ಅಂದರೆ ಮುಂದಿನ ಅರ್ಧ ಗಂಟೆಯಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದು ಮೊದಲೇ ಗೊತ್ತಿರಬೇಕು. ಅದು ಗೊತ್ತಿಲ್ಲದೆ ಕೇಳಿದರೆ ಮಗು ಬಾಯಿ ಬಿಟ್ಟಿದ್ದೂ ದಂಡ, ಮುಂದೆ ಇನ್ಯಾರ ಹತ್ತಿರವೂ ಹೇಳದೇ ಹೋಗಬಹುದು. ಅದಕ್ಕೇ ಈ ಲೇಖನದಲ್ಲಿ ಪ್ರಶ್ನೆಗಿಂತ ಮೊದಲು ತಯಾರಿಯ ಮಾತು ಬರುತ್ತದೆ.

ಮನಸ್ಸಿಗಾದ ಈ ಪೆಟ್ಟನ್ನೇ ಇಲ್ಲಿ ಆಘಾತ ಅನ್ನುತ್ತೇವೆ, ತಲೆಗೆ ಬಿದ್ದ ಏಟನ್ನಲ್ಲ. ಮಗುವಿಗೆ ತಡೆದುಕೊಳ್ಳಲಾಗದಷ್ಟು ಭಯ ಹುಟ್ಟಿಸಿದ ಘಟನೆ, ಅಥವಾ ದಿನಾ ನಡೆಯುವ ಹಿಂಸೆ. ಹೊಡೆತ, ಲೈಂಗಿಕ ದೌರ್ಜನ್ಯ, ಸರಿಯಾಗಿ ನೋಡಿಕೊಳ್ಳದೇ ಇರುವುದು, ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೆಯುವುದನ್ನು ನೋಡುವುದು, ಹೆತ್ತವರ ಸಾವು, ದೊಡ್ಡ ಅಪಘಾತ, ಶಾಲೆಯಲ್ಲಿ ಅವಮಾನ, ಎಲ್ಲವೂ ಸೇರುತ್ತವೆ. ಆಸ್ಪತ್ರೆಯಲ್ಲಿ ನಾಲ್ಕು ಜನ ಹಿಡಿದುಕೊಂಡು ಚುಚ್ಚಿದ ಸೂಜಿಯೂ ಕೆಲವು ಮಕ್ಕಳಿಗೆ ಆಘಾತವೇ.

"ಇದೆಲ್ಲ ಅಪರೂಪ, ನಮ್ಮ ಏರಿಯಾದಲ್ಲಿ ಇಲ್ಲ" ಅನ್ನುವವರಿಗೆ ಒಂದೇ ಅಂಕಿ. 2007ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಅವರಲ್ಲಿ ಶೇ. 53.22ರಷ್ಟು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದರು. ಗಂಡುಮಕ್ಕಳೂ ಅದರಲ್ಲಿದ್ದರು. ಶೀಟ್ ಮನೆ, ಅಪಾರ್ಟ್‌ಮೆಂಟ್ ಅಂತ ಭೇದ ಮಾಡಬೇಡಿ.

1. ಮೊದಲು ಒಂದು ಹಾಳೆ ತಯಾರು ಮಾಡಿ

ಒಂದು ಎ4 ಹಾಳೆ ಸಾಕು. ಡಾಕ್ಟರ ಮೇಜಿನ ಗಾಜಿನ ಕೆಳಗೆ ಒಂದು, ಸಿಸ್ಟರ್ ಹತ್ತಿರ ಒಂದು ಇರಲಿ. ಅದರಲ್ಲಿ ಇಷ್ಟಿರಬೇಕು:

ಮಕ್ಕಳ ಸಹಾಯವಾಣಿ 1098. ತುರ್ತಿಗೆ 112. ಟೆಲಿ ಮನಸ್ 14416. ಈ ಕೊನೆಯದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ. ಹಣ ಕಟ್ಟಬೇಕಿಲ್ಲ, ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ ನಿಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಯ ನಂಬರ್. ಮಕ್ಕಳ ಕಲ್ಯಾಣ ಸಮಿತಿಯ ನಂಬರ್. ರಕ್ಷಣೆ ಬೇಕಾದ ಮಗು ಎಲ್ಲಿರಬೇಕು, ಯಾರ ಜೊತೆ ಇರಬೇಕು ಎಂದು ತೀರ್ಮಾನಿಸುವ ಅಧಿಕಾರ ಇರುವುದು ಈ ಸಮಿತಿಗೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ್ದೂ ಇರಲಿ. ಮೊಬೈಲ್‌ನಲ್ಲಿ ಹುಡುಕಿ ಬರೆದುಕೊಂಡು ಬಿಡಬೇಡಿ, ಒಮ್ಮೆ ಫೋನ್ ಮಾಡಿ ಯಾರು ಎತ್ತುತ್ತಾರೆ ನೋಡಿ. ಹಳೆಯ ನಂಬರ್‌ಗಳು ಎಲ್ಲ ಕಡೆ ಓಡಾಡುತ್ತಿರುತ್ತವೆ.

ಚಿಕಿತ್ಸೆಗೆ ಕಳಿಸುವ ಜಾಗಗಳು: ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗ, ಅದರ ಪಕ್ಕದಲ್ಲೇ ಇರುವ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ವಾಣಿವಿಲಾಸ ಆಸ್ಪತ್ರೆ. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿರುವ ಸ್ನೇಹಾ ಕ್ಲಿನಿಕ್. ನಿಮ್ಮ ಏರಿಯಾದಲ್ಲಿ ಮಕ್ಕಳ ಜೊತೆ ಕೆಲಸ ಮಾಡಿ ಗೊತ್ತಿರುವ ಕೌನ್ಸೆಲರ್ ಇದ್ದರೆ ಅವರದ್ದೂ ಬರೆಯಿರಿ. ದೌರ್ಜನ್ಯಕ್ಕೊಳಗಾದ ಮಕ್ಕಳಿಗೆ ಕೋರ್ಟು, ಪೊಲೀಸ್ ವಿಷಯದಲ್ಲಿ ಜೊತೆ ನಿಲ್ಲುವ ಎನ್‌ಫೋಲ್ಡ್‌ನಂಥ ಸಂಸ್ಥೆಗಳೂ ಬೆಂಗಳೂರಿನಲ್ಲೇ ಇವೆ.

ಈ ಹಾಳೆ ತಯಾರಾಗುವವರೆಗೆ ಸ್ಕ್ರೀನಿಂಗ್, ಅಂದರೆ ಮಕ್ಕಳನ್ನು ಹೀಗೆ ಕೇಳಿ ನೋಡುವುದನ್ನು, ಶುರು ಮಾಡಬೇಡಿ.

2. ಜಾಗ ಮತ್ತು ಭಾಷೆ

ನಮ್ಮಲ್ಲಿ ಡಾಕ್ಟರ ರೂಮಿನೊಳಗೇ ಮುಂದಿನ ಇಬ್ಬರು ಪೇಷಂಟ್ ಬಂದು ಸ್ಟೂಲ್ ಮೇಲೆ ಕೂತಿರುತ್ತಾರೆ. ಕಾಂಪೌಂಡರ್ ಬಾಗಿಲು ತಳ್ಳಿ "ಸಾರ್, ರಿಪೋರ್ಟ್" ಅಂತ ಬರುತ್ತಾರೆ. ಇಂಥ ಕಡೆ ಮಗು ಏನೂ ಹೇಳುವುದಿಲ್ಲ. ಪ್ರತ್ಯೇಕ ಕೋಣೆ ಇಲ್ಲದಿದ್ದರೆ ಡ್ರೆಸ್ಸಿಂಗ್ ರೂಮ್ ಸಾಕು, ಲಸಿಕೆ ಕೋಣೆ ಸಾಕು. ಪರದೆ ಸಾಕಾಗುವುದಿಲ್ಲ, ಪರದೆಯಾಚೆ ಎಲ್ಲ ಕೇಳಿಸುತ್ತದೆ. ಮಗು ಬಾಗಿಲಿನ ಕಡೆ ಕೂರಲಿ, ಹೊರಗೆ ಹೋಗುವ ದಾರಿಗೆ ನೀವು ಅಡ್ಡ ಕೂರಬೇಡಿ.

ಭಾಷೆಯದ್ದು ಬೆಂಗಳೂರಿನ ಖಾಸಾ ತಲೆನೋವು. ಮಗುವಿಗೆ ತಮಿಳು, ತೆಲುಗು, ಉರ್ದು, ಒಡಿಯಾ, ಬಂಗಾಳಿ ಯಾವುದಾದರೂ ಇರಬಹುದು. ಆಗ ಜೊತೆ ಬಂದ ಅಪ್ಪನನ್ನೋ, ಪಕ್ಕದ ಮನೆ ಅಂಕಲ್‌ನನ್ನೋ ದುಭಾಷಿ ಮಾಡಿಕೊಳ್ಳಬೇಡಿ. ಹಾನಿ ಮಾಡಿದವರು ಅವರೇ ಆಗಿರಬಹುದು. ಮಕ್ಕಳಿಗೆ ಹಾನಿ ಮಾಡುವವರಲ್ಲಿ ಗುರುತಿಲ್ಲದವರಿಗಿಂತ ಗುರುತಿರುವವರೇ ಜಾಸ್ತಿ. ಸಿಬ್ಬಂದಿಯಲ್ಲಿ ಯಾರಿಗೆ ಯಾವ ಭಾಷೆ ಬರುತ್ತದೆ ಅಂತ ಅದೇ ಹಾಳೆಯ ಹಿಂದೆ ಬರೆದಿಡಿ.

3. ಯಾವ ಮಗುವನ್ನು ಕೇಳಬೇಕು?

ಬಂದ ಎಲ್ಲ ಮಕ್ಕಳಿಗೂ ಫಾರಂ ಕೊಟ್ಟು ದೌರ್ಜನ್ಯ ಹುಡುಕುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. ಲಕ್ಷಣ ಕಂಡಾಗ ಕೇಳಿ ಅನ್ನುತ್ತದೆ. ಹಾಗಾಗಿ ಲಕ್ಷಣ ಗುರುತಿಸುವುದನ್ನು ಕಲಿಯಬೇಕು.

ಆರು ವರ್ಷದ ಒಳಗಿನವರು: ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಅಮ್ಮನ ಸೆರಗು ಬಿಡದಿರುವುದು, ಕಲಿತ ಮಾತು ಕಡಿಮೆಯಾಗುವುದು, ಒಂದೇ ಭಯದ ಆಟವನ್ನು ಮತ್ತೆ ಮತ್ತೆ ಆಡುವುದು. ಶಾಲೆಗೆ ಹೋಗುವವರು: ಕಾರಣ ಸಿಗದ ಹೊಟ್ಟೆನೋವು, ತಲೆನೋವು, ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚಿ ಬೀಳುವುದು, ಶಾಲೆಗೆ ಹೋಗಲ್ಲ ಅನ್ನುವುದು. ಹದಿಹರೆಯದವರು: ಕೈ ಕೊಯ್ದುಕೊಳ್ಳುವುದು, ಸಿಟ್ಟು, ನಶೆ, ಮನೆ ಬಿಟ್ಟು ಹೋಗುವುದು, ಪರೀಕ್ಷೆಯಲ್ಲಿ ಏನೂ ಸಿಗದ ಫಿಟ್ಸ್, "ಮೈಮೇಲೆ ಬರುವುದು".

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಚಂಚಲ ಮಗುವನ್ನು ಕಂಡ ಕೂಡಲೇ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ಅತಿ ಚಟುವಟಿಕೆಯ ಸಮಸ್ಯೆ, ಎಂದು ಬರೆದುಬಿಡುವುದು. ಸದಾ ಹೆದರಿಕೆಯಲ್ಲಿ ಇರುವ ಮಗುವೂ ಹಾಗೇ ಕಾಣುತ್ತದೆ: ಕೂತಲ್ಲಿ ಕೂರುವುದಿಲ್ಲ, ಬಾಗಿಲು ನೋಡುತ್ತಿರುತ್ತದೆ, ಹೇಳಿದ್ದು ತಲೆಗೆ ಹೋಗುವುದಿಲ್ಲ. ಇನ್ನೊಂದು, ಸುಮ್ಮನೆ ಕೂರುವ "ಒಳ್ಳೆ ಮಗು"ವನ್ನು ಕಡೆಗಣಿಸುವುದು. ಗಲಾಟೆ ಮಾಡುವ ಮಗುವಾದರೂ ನಮ್ಮ ಕಣ್ಣಿಗೆ ಬೀಳುತ್ತದೆ.

ಮೈಮೇಲಿನ ಗುರುತುಗಳಲ್ಲಿ ಇವಕ್ಕೆ ನಿಲ್ಲಿ: ನಾಲ್ಕು ತಿಂಗಳೂ ತುಂಬದ ಕೂಸಿನ ಮೈಮೇಲೆ ಎಲ್ಲೇ ಆದರೂ ಕಂದಿದ ಗುರುತು. ನಾಲ್ಕು ವರ್ಷದೊಳಗಿನ ಮಗುವಿನ ಎದೆ, ಹೊಟ್ಟೆ, ಬೆನ್ನು, ಕಿವಿ, ಕತ್ತಿನ ಮೇಲೆ ಕಂದಿದ ಗುರುತು. ಓಡಾಡುವ ಮಗು ಬಿದ್ದರೆ ಮೊಣಕಾಲು, ಹಣೆಗೆ ಪೆಟ್ಟಾಗುತ್ತದೆ. ಕಿವಿಯ ಹಿಂದೆ ಆಗುವುದು ಕಡಿಮೆ. ಗೆರೆ ಎಳೆದ ಹಾಗೆ ಅಂಚಿರುವ ಸುಟ್ಟ ಗಾಯ. ಒಬ್ಬೊಬ್ಬರು ಒಂದೊಂದು ಹೇಳುವ ಕಥೆ. ಪೆಟ್ಟಾಗಿ ಎರಡು ದಿನ ಕಳೆದ ಮೇಲೆ ಬರುವುದು.

ಕೈಯಲ್ಲಿ ತಾಯತ ಇದ್ದರೆ, "ದೃಷ್ಟಿ ತೆಗೆಸಿದ್ವಿ ಡಾಕ್ಟ್ರೇ" ಅಂದರೆ, ನಗಬೇಡಿ, ಬಿಚ್ಚಿಸಬೇಡಿ. "ಯಾವಾಗಿಂದ ಹೀಗಾಗ್ತಿದೆ ಅನ್ನಿಸಿ ತೆಗೆಸಿದ್ರಿ?" ಎಂದು ಕೇಳಿ. ತಾರೀಖು ಸಮೇತ ಉತ್ತರ ಸಿಗುತ್ತದೆ.

4. ಕೇಳುವುದು

ಮೊದಲು ಹೆತ್ತವರ ಮುಂದೆಯೇ ಶುರು ಮಾಡಿ. ಅವರಿಗೆ ಒಂದೇ ಪ್ರಶ್ನೆ: "ಹಿಂದಿನ ಸಲ ಬಂದು ಹೋದ ಮೇಲೆ ಮಗುವಿಗೆ ಹೆದರಿಕೆ ಆಗುವಂಥದ್ದು, ಮನಸ್ಸಿಗೆ ಬೇಜಾರಾಗುವಂಥದ್ದು ಏನಾದರೂ ನಡೆದಿದೆಯಾ?" ಎಷ್ಟೋ ತಾಯಂದಿರು ಇದೊಂದು ಪ್ರಶ್ನೆಗೇ ಅಳುತ್ತಾರೆ. ಅವರನ್ನು ಯಾರೂ ಕೇಳಿರುವುದಿಲ್ಲ.

ಆಮೇಲೆ ಮಗುವಿನ ಜೊತೆ ಒಬ್ಬರೇ. "ಎಲ್ಲ ಮಕ್ಕಳ ಜೊತೆನೂ ಸ್ವಲ್ಪ ಹೊತ್ತು ನಾನೊಬ್ಬಳೇ ಮಾತಾಡ್ತೀನಿ, ಅದು ನಮ್ಮ ಪದ್ಧತಿ" ಎಂದು ಹೆತ್ತವರಿಗೆ ಹೇಳಿ. ಅಜ್ಜಿ ಹೊರಗೆ ಹೋಗಲು ಒಪ್ಪದಿದ್ದರೆ ತೂಕ ನೋಡುವ ನೆಪದಲ್ಲಿ ಸಿಸ್ಟರ್ ಮಗುವನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಬಹುದು. ಸಿಸ್ಟರ್ ಜೊತೆ ಇದ್ದಾರೆ ಅನ್ನುವುದು ನಿಮಗೂ ಒಳ್ಳೆಯದು, ಮಗುವಿಗೂ ಒಳ್ಳೆಯದು.

ಕೇಳುವ ಮೊದಲು ಒಂದು ಮಾತು ಹೇಳಲೇಬೇಕು. ಸುಮಾರು ಎಲ್ಲರೂ ತಪ್ಪುವುದು ಇಲ್ಲೇ. "ಯಾರಿಗೂ ಹೇಳಲ್ಲ, ಪ್ರಾಮಿಸ್" ಅನ್ನಬೇಡಿ. ಆ ಮಾತು ಉಳಿಸಿಕೊಳ್ಳಲು ಕಾನೂನು ಬಿಡುವುದಿಲ್ಲ. ಹೀಗೆ ಹೇಳಿ:

"ನೀನು ಹೇಳೋದನ್ನ ನಾನು ಸುಮ್ಸುಮ್ನೆ ಯಾರಿಗೂ ಹೇಳಲ್ಲ. ಆದರೆ ನಿನಗೆ ಯಾರಾದರೂ ತೊಂದರೆ ಕೊಡ್ತಿದ್ದಾರೆ ಅಂತ ಗೊತ್ತಾದ್ರೆ, ಅದನ್ನ ನಿಲ್ಲಿಸೋಕೆ ಬೇರೆಯವರ ಸಹಾಯ ಬೇಕಾಗುತ್ತೆ. ಯಾರಿಗೆ ಹೇಳ್ತೀನಿ ಅನ್ನೋದನ್ನ ಮೊದಲು ನಿನಗೇ ಹೇಳ್ತೀನಿ."

ಇಷ್ಟು ಹೇಳಿದ ಮೇಲೆ ಮಗು ಸುಮ್ಮನಾದರೆ ಸುಮ್ಮನಿರಲಿ. ಅದು ಮಗುವಿನ ಹಕ್ಕು.

ಚಿಕ್ಕವರಿಗೆ ಮನೆಯಿಂದ ಶುರು ಮಾಡಿ. "ಪುಟ್ಟಾ, ನಿಮ್ಮನೇಲಿ ಯಾರ್ಯಾರಿದ್ದೀರ? ರಾತ್ರಿ ಯಾರ ಪಕ್ಕ ಮಲಗ್ತೀಯ? ಯಾರನ್ನ ಕಂಡ್ರೆ ಇಷ್ಟ? ಭಯ ಆದ್ರೆ ಯಾರ ಹತ್ರ ಓಡಿ ಹೋಗ್ತೀಯ?" ಕೊನೆಯ ಪ್ರಶ್ನೆಗೆ "ಯಾರೂ ಇಲ್ಲ" ಅಂದರೆ ಅದೇ ದೊಡ್ಡ ಸುದ್ದಿ. ದೊಡ್ಡವರಿಗೆ ಮನೆ, ಶಾಲೆ, ಊಟ, ಗೆಳೆಯರು, ನಶೆ, ಮನಸ್ಸು, ಸಂಬಂಧ ಹೀಗೆ ಹಗುರದಿಂದ ಭಾರದ ಕಡೆಗೆ ಹೋಗಿ. "ನಿನ್ನ ವಯಸ್ಸಿನವರನ್ನೆಲ್ಲ ಇದನ್ನೇ ಕೇಳ್ತೀನಿ. ಯಾರಾದರೂ ನಿನಗೆ ಇಷ್ಟ ಇಲ್ಲದ ಹಾಗೆ ಮುಟ್ಟಿರೋದು, ಹೊಡೆದಿರೋದು, ಹೆದರಿಸಿರೋದು ಇದೆಯಾ?" ಗಂಡುಮಕ್ಕಳನ್ನೂ ಕೇಳಿ, ಇದೇ ಮಾತಿನಲ್ಲಿ.

ಸಾಯುವ ಯೋಚನೆಯ ಬಗ್ಗೆ ನೇರವಾಗಿ ಕೇಳಿ. "ಸಾಯಬೇಕು ಅನ್ನಿಸಿದ್ದುಂಟಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಅವತ್ತು ಮಗುವನ್ನು ಒಂಟಿಯಾಗಿ ಮನೆಗೆ ಕಳಿಸಬೇಡಿ. ಮನೆಯಲ್ಲಿರುವ ಮಾತ್ರೆ, ಇಲಿ ಪಾಷಾಣ ಎತ್ತಿಡಲು ನಂಬಿಕಸ್ಥ ದೊಡ್ಡವರಿಗೆ ಹೇಳಿ, ಅದೇ ದಿನ ಮನೋವೈದ್ಯರಿಗೆ ತೋರಿಸಿ.

ಪರೀಕ್ಷೆ ಮಾಡುವಾಗ ಪ್ರತಿ ಹೆಜ್ಜೆಗೂ ಕೇಳಿ: "ಈಗ ಹೊಟ್ಟೆ ಮುಟ್ಟಿ ನೋಡ್ತೀನಿ, ಆಗಬಹುದಾ? ಬೇಡ ಅಂದ್ರೆ ಕೈ ಎತ್ತು, ನಿಲ್ಲಿಸ್ತೀನಿ." ಕೈ ಎತ್ತಿದರೆ ನಿಜವಾಗಿ ನಿಲ್ಲಿಸಿ. "ಸುಮ್ನಿರ್ಲಿಲ್ಲ ಅಂದ್ರೆ ಡಾಕ್ಟರ್ ಸೂಜಿ ಚುಚ್ತಾರೆ ನೋಡು" ಅನ್ನುವ ಅಮ್ಮಂದಿರನ್ನು ಅಲ್ಲೇ ನಯವಾಗಿ ತಡೆಯಿರಿ. ನಿಮ್ಮನ್ನೇ ಗುಮ್ಮ ಮಾಡಿಟ್ಟರೆ ಮಗು ನಿಮಗೆ ಏನು ಹೇಳೀತು?

5. ಫಾರಂ ವಿಷಯ

ಎಲ್ಲರೂ ಕೇಳುವ ಹತ್ತು ಪ್ರಶ್ನೆಗಳ ಪಟ್ಟಿಯನ್ನು ಏಸ್ ಸ್ಕೋರ್ ಅನ್ನುತ್ತಾರೆ. ಬಾಲ್ಯದ ಕಹಿ ಅನುಭವಗಳ ಲೆಕ್ಕ ಅದು. 1998ರಲ್ಲಿ ಅಮೆರಿಕದಲ್ಲಿ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನದಿಂದ ಇದು ಹೆಸರಾಯಿತು. ಬಾಲ್ಯದಲ್ಲಿ ಕಹಿ ಅನುಭವ ಹೆಚ್ಚಾದಷ್ಟೂ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ, ಖಿನ್ನತೆ, ಕುಡಿತ, ಆತ್ಮಹತ್ಯೆಯ ಪ್ರಯತ್ನ ಹೆಚ್ಚು ಎಂದು ಅದರಲ್ಲಿ ಕಂಡಿತು.

ಆದರೆ ಅದು ಸಾವಿರಾರು ಜನರ ಲೆಕ್ಕ. ನಿಮ್ಮೆದುರು ಕೂತಿರುವ ಒಂದು ಮಗುವಿಗೆ ಮುಂದೆ ಏನಾಗುತ್ತದೆ ಅಂತ ಅದು ಹೇಳುವುದಿಲ್ಲ. 2020ರಲ್ಲಿ ಆಂಡಾ ಅವರೇ ಈ ಸ್ಕೋರನ್ನು ಒಬ್ಬೊಬ್ಬರನ್ನು ಅಳೆಯಲು ಬಳಸುವುದು ತಪ್ಪು ಎಂದು ಬರೆದರು. ಅದೇ ವರ್ಷ ಕ್ಯಾಲಿಫೋರ್ನಿಯಾ ರಾಜ್ಯ ಇಂಥ ಸ್ಕ್ರೀನಿಂಗ್ ಮಾಡುವ ವೈದ್ಯರಿಗೆ ಹಣ ಕೊಡಲು ಶುರು ಮಾಡಿತ್ತು! ಈ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ. ನನಗಂತೂ ಆಂಡಾ ಹೇಳಿದ್ದೇ ಸರಿ ಅನ್ನಿಸುತ್ತದೆ. ಒಂದೇ ಒಂದು ಘಟನೆಯಿಂದ ನಲುಗಿದ ಮಗುವಿಗೆ ಆ ಪಟ್ಟಿಯಲ್ಲಿ ಸಿಗುವುದು ಒಂದೇ ಅಂಕ. ಬಡತನ, ಜಾತಿಯ ಅವಮಾನ, ಮೇಷ್ಟ್ರ ಬೆತ್ತ ಆ ಹತ್ತರಲ್ಲಿ ಇಲ್ಲವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿಯಲ್ಲಿ ಗೆಳೆಯರ ಹಿಂಸೆ, ಬೀದಿಯ ಹಿಂಸೆ ಸೇರಿದೆ, ಆದರೆ ಅದು 18 ದಾಟಿದವರಿಗೆ.

ಫಾರಂ ಬೇಕೇ ಬೇಕು ಅಂದರೆ, ಏನಾಯಿತು ಅನ್ನುವುದಕ್ಕಿಂತ ಈಗ ಮಗು ಹೇಗಿದೆ ಅನ್ನುವುದನ್ನು ಕೇಳುವ ಫಾರಂ ಬಳಸಿ. ಎಸ್‌ಡಿಕ್ಯೂ ಎಂಬ 25 ಪ್ರಶ್ನೆಗಳ ಪಟ್ಟಿ ಚಿಕ್ಕದು, ಹೆತ್ತವರು, ಟೀಚರ್ ಕೂಡ ತುಂಬಬಹುದು. ಆಘಾತದ ಲಕ್ಷಣ ಅಳೆಯುವ ಸಿಪಿಎಸ್‌ಎಸ್ ಎಂಬುದು 8ರಿಂದ 18 ವರ್ಷದವರಿಗೆ. ಅದನ್ನು ತರಬೇತಿ ಆದವರೇ ಮಾಡಲಿ. ಯಾವುದೇ ಫಾರಂ ಆದರೂ ಕಾಯುವ ಜಾಗದಲ್ಲಿ ಟೋಕನ್ ಜೊತೆ ಕೊಟ್ಟು ತುಂಬಿಸಬೇಡಿ. ಪಕ್ಕದಲ್ಲಿ ಕೂತವರು ಓದುತ್ತಾರೆ.

6. ಮಗು ಹೇಳಿಬಿಟ್ಟಿತು. ಈಗ?

ಪೆನ್ ಕೆಳಗಿಡಿ. ಮುಖದಲ್ಲಿ ಗಾಬರಿ ತೋರಿಸಬೇಡಿ. ಮಗು ನಿಮ್ಮ ಮುಖವನ್ನೇ ನೋಡುತ್ತಿರುತ್ತದೆ, ನೀವು ಹೆದರಿದರೆ ಬಾಯಿ ಮುಚ್ಚುತ್ತದೆ. ಮೂರು ಮಾತು ಸಾಕು: "ಹೇಳಿದ್ದು ಒಳ್ಳೇದಾಯ್ತು. ನಾನು ನಂಬ್ತೀನಿ. ಇದರಲ್ಲಿ ನಿನ್ನ ತಪ್ಪಿಲ್ಲ."

"ಯಾಕೆ" ಅನ್ನುವ ಪ್ರಶ್ನೆ ಬೇಡ. "ಯಾಕೆ ಮೊದಲೇ ಹೇಳಲಿಲ್ಲ?" "ಯಾಕೆ ಅಲ್ಲಿಗೆ ಹೋದೆ?" ಅಂದರೆ ಮಗುವಿಗೆ ಕೇಳಿಸುವುದು "ತಪ್ಪು ನಿನ್ನದೇ" ಅಂತ. ಉತ್ತರ ನೀವೇ ಬಾಯಿಗೆ ಹಾಕಲೂಬೇಡಿ. "ಮಾವ ಇಲ್ಲಿ ಮುಟ್ಟಿದ್ನಾ?" ಅನ್ನುವುದು ಆಮೇಲೆ ಕೋರ್ಟಿನಲ್ಲಿ ಮಗುವಿಗೇ ತಿರುಗುಬಾಣ ಆಗುತ್ತದೆ, ಡಾಕ್ಟರೇ ಹೇಳಿಕೊಟ್ಟರು ಅನ್ನುತ್ತಾರೆ. "ಆಮೇಲೆ ಏನಾಯ್ತು?" ಇಷ್ಟು ಸಾಕು. ಮಗು ಸುರಕ್ಷಿತವಾ, ಚಿಕಿತ್ಸೆ ಬೇಕಾ, ಯಾವಾಗ ಆಯಿತು, ಇವು ಗೊತ್ತಾದರೆ ನಿಮ್ಮ ಪ್ರಶ್ನೆ ಮುಗಿಯಿತು. ಪೂರ್ತಿ ವಿವರ ಕೆದಕುವುದು ನಿಮ್ಮ ಕೆಲಸ ಅಲ್ಲ. ಅದನ್ನೇ ಸಿಸ್ಟರಿಗೆ, ಮ್ಯಾನೇಜರಿಗೆ, ಸೀನಿಯರ್ ಡಾಕ್ಟರಿಗೆ ಮತ್ತೆ ಮತ್ತೆ ಹೇಳಿಸಬೇಡಿ.

ಆಮೇಲೆ ಕೇಳಬೇಕಾದ ಒಂದು ಪ್ರಶ್ನೆ ಇದೆ: "ಇವತ್ತು ಮನೆಗೆ ಹೋಗೋಕೆ ಭಯ ಆಗುತ್ತಾ?" ಹೌದು ಅಂದರೆ 1098ಕ್ಕೆ ಫೋನ್ ಮಾಡದೆ ಮಗುವನ್ನು ಆಚೆ ಕಳಿಸಬೇಡಿ.

ಲೈಂಗಿಕ ದೌರ್ಜನ್ಯ ಇತ್ತೀಚಿನದಾದರೆ ಗಡಿಯಾರ ನೋಡಿ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, 28 ದಿನ ತಗೊಳ್ಳಬೇಕು. ಗರ್ಭ ತಡೆಯುವ ತುರ್ತು ಮಾತ್ರೆಯೂ ಆದಷ್ಟು ಬೇಗ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಪ್ರಕಾರ 96 ಗಂಟೆಯವರೆಗೆ ಮೈಮೇಲಿನ ಸಾಕ್ಷ್ಯ ಸಂಗ್ರಹಿಸಬಹುದು. ಸ್ನಾನ ಮಾಡಿಸದೆ, ಬಟ್ಟೆ ಒಗೆಯದೆ ಕರೆದುಕೊಂಡು ಬನ್ನಿ ಎಂದು ಫೋನಿನಲ್ಲೇ ಹೇಳಿ. ಸ್ನಾನ ಆಗಿಹೋಗಿದ್ದರೆ ಬೈಯಬೇಡಿ, ಹಾಗೇ ಬರಲಿ. ಹುಡುಗಿಯನ್ನು ಪರೀಕ್ಷೆ ಮಾಡುವುದು ಮಹಿಳಾ ವೈದ್ಯರೇ, ಮಗು ನಂಬುವ ಒಬ್ಬರು ಜೊತೆಗಿರಬೇಕು. ಯೋನಿಯೊಳಗೆ ಬೆರಳಿಟ್ಟು ನೋಡುವ ಎರಡು ಬೆರಳಿನ ಪರೀಕ್ಷೆಯನ್ನು ಯಾರೂ ಮಾಡುವ ಹಾಗಿಲ್ಲ. 2022ರಲ್ಲೂ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ ಅಂದರೆ ಏನೂ ಆಗಿಲ್ಲ ಅಂತಲ್ಲ. ಬಹುಪಾಲು ಮಕ್ಕಳಲ್ಲಿ ಪರೀಕ್ಷೆ ನಾರ್ಮಲ್ಲೇ ಇರುತ್ತದೆ.

7. ಪೋಕ್ಸೊ ಮತ್ತು ಪೊಲೀಸ್

ಡಾಕ್ಟರುಗಳು ಹೆಚ್ಚು ಹೆದರುವ ಹಂತ ಇದು, ಅಲ್ವಾ? ವಿಷಯ ಅಷ್ಟು ಗೋಜಲಿನದ್ದಲ್ಲ.

ಪೋಕ್ಸೊ ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಕಾಯ್ದೆ. ಅದರ 19ನೇ ಸೆಕ್ಷನ್ ಪ್ರಕಾರ 18 ವರ್ಷದೊಳಗಿನವರ ಮೇಲೆ ಇಂಥ ಅಪರಾಧ ನಡೆದಿದೆ ಎಂದು ಗೊತ್ತಾದ ಯಾರೇ ಆದರೂ ಸ್ಥಳೀಯ ಠಾಣೆಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಆಸ್ಪತ್ರೆಯ ಉಸ್ತುವಾರಿ ಹೊತ್ತವರು ತಮ್ಮ ಕೈಕೆಳಗಿನವರೇ ಮಾಡಿದ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ ಅಂತಲೂ ಅದೇ 19ನೇ ಸೆಕ್ಷನ್‌ನಲ್ಲಿದೆ. ನಿಜವಾ ಸುಳ್ಳಾ ಎಂದು ಸಾಬೀತು ಮಾಡುವುದು ನಿಮ್ಮ ತಲೆನೋವಲ್ಲ.

ಚಿಕಿತ್ಸೆ ಮೊದಲು. "ಇದು ಎಂಎಲ್‌ಸಿ ಕೇಸು, ದೊಡ್ಡಾಸ್ಪತ್ರೆಗೆ ಹೋಗಿ" ಎಂದು ಬಾಗಿಲಲ್ಲೇ ವಾಪಸ್ ಕಳಿಸುವುದು ಕಾನೂನಿಗೆ ವಿರುದ್ಧ. ಎಂಎಲ್‌ಸಿ ಅಂದರೆ ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ ಪ್ರಕರಣ. ಎಫ್‌ಐಆರ್ ತನ್ನಿ, ಕೋರ್ಟಿನ ಪತ್ರ ತನ್ನಿ ಅನ್ನುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಸೆಕ್ಷನ್ ಪ್ರಕಾರ ಸರ್ಕಾರಿಯಾಗಲಿ ಖಾಸಗಿಯಾಗಲಿ, ಪ್ರಥಮ ಚಿಕಿತ್ಸೆ ಉಚಿತವಾಗಿ ಕೊಡಲೇಬೇಕು.

ಮನೆಯವರು "ಮರ್ಯಾದೆ ಹೋಗುತ್ತೆ, ಕೇಸು ಬೇಡ ಡಾಕ್ಟ್ರೇ, ಕಾಲಿಗೆ ಬೀಳ್ತೀವಿ" ಅನ್ನುತ್ತಾರೆ. ಅವರ ಹೆದರಿಕೆ ಸುಮ್ನೆ ಅಲ್ಲ. ಅದಕ್ಕೇ ಮುಂದೆ ಏನಾಗುತ್ತದೆ ಎಂದು ಬಿಡಿಸಿ ಹೇಳಿ: ಹೇಳಿಕೆಯನ್ನು ಮನೆಯಲ್ಲೋ ಮಗುವಿಗೆ ಇಷ್ಟವಾದ ಕಡೆಯೋ ತಗೊಳ್ಳುತ್ತಾರೆ. ಆದಷ್ಟೂ ಮಹಿಳಾ ಅಧಿಕಾರಿ, ಯೂನಿಫಾರ್ಮ್ ಇಲ್ಲದೆ. ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಮಗುವಿನ ಹೆಸರು, ಫೋಟೊ, ಶಾಲೆ ಯಾವುದೂ ಪತ್ರಿಕೆಯಲ್ಲಿ ಬರುವಂತಿಲ್ಲ. ಜೊತೆಗೆ ನಿಲ್ಲಲು ಬೆಂಬಲ ವ್ಯಕ್ತಿಯನ್ನು ಮಕ್ಕಳ ಕಲ್ಯಾಣ ಸಮಿತಿ ಕೊಡುತ್ತದೆ. ಪರಿಹಾರದ ಹಣಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಇಷ್ಟು ಹೇಳಿದ ಮೇಲೆ ಎಷ್ಟೋ ಮನೆಯವರು ತಣ್ಣಗಾಗುತ್ತಾರೆ. ಒಪ್ಪದಿದ್ದರೂ ನೀವು ತಿಳಿಸಲೇಬೇಕು, ಅದನ್ನೂ ಮುಚ್ಚುಮರೆ ಇಲ್ಲದೆ ಹೇಳಿ.

ಕಷ್ಟದ ಪ್ರಕರಣ ಒಂದಿದೆ. ಹದಿನಾರು, ಹದಿನೇಳರ ಹುಡುಗಿ ತನ್ನಿಷ್ಟದ ಸಂಬಂಧದಿಂದ ಬಸುರಿಯಾಗಿ ಗರ್ಭಪಾತಕ್ಕೆ ಬರುತ್ತಾಳೆ. ಕಾನೂನಿನಲ್ಲಿ ಒಪ್ಪಿಗೆಯ ವಯಸ್ಸು 18, ಹಾಗಾಗಿ ತಿಳಿಸಲೇಬೇಕು. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಿಲ್ಲ ಎಂದಿತು. ಇದು ಗೊತ್ತಿಲ್ಲದೆ ಕೇಸಿಗೆ ಹೆದರಿದ ಮನೆಯವರು ಮೆಡಿಕಲ್ ಸ್ಟೋರ್‌ನಲ್ಲಿ ಮಾತ್ರೆ ತಗೊಂಡು ಮನೆಯಲ್ಲೇ ನುಂಗಿಸಿಬಿಡುತ್ತಾರೆ. ಅದಕ್ಕಿಂತ ಅಪಾಯ ಬೇರೆ ಬೇಕಾ?

ಹೊಡೆತ, ಉಪವಾಸ ಕೆಡವುವುದು, ದುಡಿಸಿಕೊಳ್ಳುವುದು ಪೋಕ್ಸೊಗೆ ಬರುವುದಿಲ್ಲ. ಅವಕ್ಕೆ 2015ರ ಬಾಲ ನ್ಯಾಯ ಕಾಯ್ದೆಯ 75 ಮತ್ತು 79ನೇ ಸೆಕ್ಷನ್‌ಗಳಿವೆ. 1098 ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ. ಅಮ್ಮನಿಗೂ ಹೊಡೆತ ಬೀಳುತ್ತಿದ್ದರೆ, ಹಿಂಸೆಗೊಳಗಾದ ಹೆಂಗಸರಿಗೆ ನೆರವಾಗುವ ಸರ್ಕಾರಿ ಸಖಿ ಕೇಂದ್ರ.

8. ಬರೆಯುವಾಗ

ಮಗು ಹೇಳಿದ್ದನ್ನು ಮಗುವಿನ ಮಾತಿನಲ್ಲೇ, ಉದ್ಧರಣ ಚಿಹ್ನೆ ಹಾಕಿ ಬರೆಯಿರಿ. "ರೇಪ್ ಆಗಿದೆ", "ಆಗಿಲ್ಲ" ಎಂದು ನೀವು ತೀರ್ಪು ಬರೆಯಬೇಡಿ. ಗಾಯದ ಅಳತೆ, ಬಣ್ಣ, ಜಾಗ, ದಿನ, ಹೊತ್ತು ಬರೆಯಿರಿ.

ಓಪಿ ಚೀಟಿ ಮಗುವಿನ ಜೊತೆ ಮನೆಗೆ ಹೋಗುತ್ತದೆ, ಎಲ್ಲರೂ ಓದುತ್ತಾರೆ. ಅದರಲ್ಲಿ "ಹೊಟ್ಟೆನೋವು, ಮತ್ತೆ ಬರಬೇಕು" ಅಂತಷ್ಟೇ ಇರಲಿ. ಉಳಿದದ್ದು ಬೀಗ ಇರುವ ಕಪಾಟಿನಲ್ಲಿ. ಫೋಟೊ ತೆಗೆದು "ಒಪೀನಿಯನ್ ಪ್ಲೀಸ್" ಎಂದು ಡಾಕ್ಟರ್‌ಗಳ ವಾಟ್ಸಾಪ್ ಗುಂಪಿಗೆ ಹಾಕುವ ಚಾಳಿ ಬಿಡಿ.

ಫೋನ್ ನಂಬರ್ ಬಗ್ಗೆ ಎಚ್ಚರ. ರಿಜಿಸ್ಟರ್‌ನಲ್ಲಿ ಇರುವುದು ಸಾಮಾನ್ಯವಾಗಿ ಅಪ್ಪನ ಮೊಬೈಲ್. "ನಾಳೆ ಕೌನ್ಸೆಲಿಂಗ್ ಇದೆ" ಎಂಬ ಮೆಸೇಜ್ ಹೋಗಬಾರದವರ ಕೈಗೆ ಹೋದರೆ ಆ ರಾತ್ರಿ ಮನೆಯಲ್ಲಿ ಏನಾದೀತು ಯೋಚಿಸಿ. "ಯಾವ ನಂಬರಿಗೆ, ಯಾವ ಹೊತ್ತಿಗೆ ಮಾಡಲಿ?" ಎಂದು ಮಗುವನ್ನು ಕಾಯುವವರನ್ನೇ ಕೇಳಿ. ಗಾರ್ಮೆಂಟ್ಸ್‌ಗೆ ಹೋಗುವ ತಾಯಿಗೆ ಊಟದ ಬಿಡುವಿನಲ್ಲಿ ಮಾತ್ರ ಫೋನ್ ಸಿಗಬಹುದು.

9. ಕಳಿಸುವುದು, ಮತ್ತೆ ಕರೆಯುವುದು

ಎಲ್ಲ ಮಕ್ಕಳಿಗೂ ಮನೋವೈದ್ಯರು ಬೇಕಾಗುವುದಿಲ್ಲ. ಘಟನೆ ನಡೆದ ಮೊದಲ ಕೆಲವು ವಾರ ನಿದ್ದೆಗೆಡುವುದು, ಅಳುವುದು ಸಹಜ. ಸುರಕ್ಷಿತ ಮನೆ, ಹೊತ್ತಿಗೆ ಊಟ, ಹೊತ್ತಿಗೆ ನಿದ್ದೆ, ಶಾಲೆ, ನಂಬುವ ಒಬ್ಬ ದೊಡ್ಡವರು ಇದ್ದರೆ ಬಹಳಷ್ಟು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಈ ಹೊತ್ತಿನಲ್ಲಿ ನಿದ್ದೆ ಮಾತ್ರೆ ಬರೆಯಬೇಡಿ. ಮೊದಲ ತಿಂಗಳಲ್ಲಿ ಆಘಾತದ ಲಕ್ಷಣಕ್ಕೆ ಡಯಾಜೆಪಾಮ್ ಜಾತಿಯ ಮಾತ್ರೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಎಲ್ಲ ಹೇಳಿಬಿಡು, ಹಗುರಾಗುತ್ತೆ ಎಂದು ಒತ್ತಾಯದಿಂದ ಕಥೆ ಹೇಳಿಸುವುದೂ ಬೇಡ.

ತಿಂಗಳು ಕಳೆದರೂ ಕೆಟ್ಟ ಕನಸು, ಬೆಚ್ಚುವುದು, ಆ ಜಾಗ ಆ ಜನರನ್ನು ತಪ್ಪಿಸುವುದು ಮುಂದುವರಿದರೆ, ಅಥವಾ ಯಾವಾಗಲಾದರೂ ಸಾಯುವ ಮಾತು ಬಂದರೆ ಕಳಿಸಿ. ಮಕ್ಕಳಿಗೆ ಚೆನ್ನಾಗಿ ಕೆಲಸ ಮಾಡುವ ಚಿಕಿತ್ಸೆಗಳಲ್ಲಿ ಒಂದು ಟಿಎಫ್-ಸಿಬಿಟಿ. ಭಯ ತಗ್ಗಿಸುವುದನ್ನು ಕಲಿಸಿ, ನಡೆದದ್ದನ್ನು ನಿಧಾನವಾಗಿ ಹೇಳಿಕೊಳ್ಳಲು ನೆರವಾಗುವ ಮಾತಿನ ಚಿಕಿತ್ಸೆ ಇದು. ಸಾಮಾನ್ಯವಾಗಿ 12ರಿಂದ 16 ಭೇಟಿ. ಹೆತ್ತವರೂ ಕೂರಬೇಕು. "ಒಂದು ಸಲ ನಿಮ್ಹಾನ್ಸ್‌ಗೆ ತೋರಿಸಿ ಬನ್ನಿ" ಎಂದು ಕಳಿಸಿದರೆ ಮನೆಯವರು ಒಂದೇ ಸಲ ಹೋಗಿ ನಿಲ್ಲಿಸುತ್ತಾರೆ, ಆದ್ದರಿಂದ ಭೇಟಿಯ ಲೆಕ್ಕ ಮೊದಲೇ ಹೇಳಿ. ನಿಮ್ಹಾನ್ಸ್ ಹೆಸರು ಕೇಳಿದರೆ "ನಮ್ಮ ಮಗು ಹುಚ್ಚಾ?" ಅನ್ನುವವರು ಈಗಲೂ ಇದ್ದಾರೆ. ಮಕ್ಕಳಿಗೇ ಬೇರೆ ವಿಭಾಗ ಇದೆ, ಓದು, ನಿದ್ದೆ, ಹಟದ ತೊಂದರೆಗೂ ಅಲ್ಲಿ ಬರುತ್ತಾರೆ ಎಂದು ತಿಳಿಸಿ. ಚೀಟಿಯಲ್ಲಿ ಯಾವ ಕಟ್ಟಡ, ಎಷ್ಟು ಹೊತ್ತಿಗೆ, ಆಧಾರ್ ಬೇಕಾ, ಎಲ್ಲ ಬರೆದುಕೊಡಿ. ದಿನಗೂಲಿ ಕಳೆದುಕೊಂಡು ಬಸ್ಸು ಹತ್ತುವವರಿಗೆ ಒಂದು ಸಲ ಸುಮ್ನೆ ಹೋಗಿ ಬಂದಂತಾದರೆ ಎರಡನೇ ಸಲ ಹೋಗುವುದಿಲ್ಲ.

ಎರಡು ವಾರ ಬಿಟ್ಟು ನಿಮ್ಮ ಹತ್ತಿರವೇ ಮತ್ತೆ ಬರಲು ಹೇಳಿ. ಆಗ ಘಟನೆ ಕೇಳಬೇಡಿ. ನಿದ್ದೆ, ಊಟ, ಶಾಲೆ, ಆಟ ಕೇಳಿ. ಬರದಿದ್ದರೆ ಹೇಳಿದ ನಂಬರಿಗೆ, ಹೇಳಿದ ಹೊತ್ತಿಗೆ ಫೋನ್ ಮಾಡಿ. ಆಶಾ ಕಾರ್ಯಕರ್ತೆಯನ್ನು ಮನೆಗೆ ಕಳಿಸುವ ಮೊದಲು ಮಾತ್ರ ಎರಡು ಸಲ ಯೋಚಿಸಿ. ಅವರು ಒಳ್ಳೆಯವರೇ, ಆದರೆ ಅದೇ ಬೀದಿಯವರು. ಅವರು ಯಾರ ಮನೆಗೆ ಯಾಕೆ ಬಂದರು ಅಂತ ಬೀದಿಯೆಲ್ಲ ಲೆಕ್ಕ ಇಟ್ಟಿರುತ್ತದೆ. ಲಸಿಕೆ, ತೂಕದ ನೆಪ ಇದ್ದರೆ ಪರವಾಗಿಲ್ಲ.

10. ದೊಡ್ಡವರು, ಮತ್ತು ನಿಮ್ಮ ಸಿಬ್ಬಂದಿ

ಬಾಲ್ಯದ ಪೆಟ್ಟು ಹೊತ್ತು ಬರುವ ದೊಡ್ಡವರೂ ಇದ್ದಾರೆ. ಒಳಪರೀಕ್ಷೆಗೆ ಮೈಯೆಲ್ಲ ಬಿಗಿ ಹಿಡಿಯುವ ಬಸುರಿ, ಹಲ್ಲಿನ ಕುರ್ಚಿಯಲ್ಲಿ ಉಸಿರು ಕಟ್ಟುವ ಗಂಡಸು. ಕಥೆ ಕೇಳಬೇಕಂತಿಲ್ಲ. ಮುಟ್ಟುವ ಮೊದಲು ಹೇಳಿ, ಒಪ್ಪಿಗೆ ಕೇಳಿ, ಬೇಡ ಅಂದಾಗ ನಿಲ್ಲಿಸಿ. ತಾವಾಗಿ ಹೇಳಿದರೆ ಕೇಳಿಸಿಕೊಂಡು, ಬೇಕಾದರೆ 14416 ಕೊಡಿ.

ಇಂಥ ಮಾತು ಕೇಳಿಸಿಕೊಂಡ ಸಿಸ್ಟರ್‌ಗೂ ಅವತ್ತು ಊಟ ಸೇರುವುದಿಲ್ಲ. ಅವರಿಗೇ ಅಂಥ ಬಾಲ್ಯ ಇದ್ದಿರಬಹುದು. ಅವತ್ತಿನ ಉಳಿದ ಟೋಕನ್ ಬೇರೆಯವರು ನೋಡಲಿ, ಡ್ಯೂಟಿ ಮುಗಿಯುವ ಮೊದಲು ಹತ್ತು ನಿಮಿಷ ಅವರ ಜೊತೆ ಕೂರಿ. ಮಗುವಿನ ಹೆಸರು ಎತ್ತದೆ ಮಾತಾಡಬಹುದು. ಟೆಲಿ ಮನಸ್‌ಗೆ ಸಿಬ್ಬಂದಿಯೂ ಫೋನ್ ಮಾಡಬಹುದು ಅಂತ ಆ ಹಾಳೆಯ ಕೆಳಗೆ ಒಂದು ಸಾಲು ಸೇರಿಸಿ.